ಕಲ್ಲು ಕುಡಿದ ಅರಿಶಿನ

“ಬೇಡ ಕಣೇ, ಕಲ್ಲು ಅರಿಶಿನ ಕುಡಿದುಬಿಡತ್ತೆ!” ಶುಕ್ರವಾರ ಬೆಳಿಗ್ಗೆ ನಾನು ಕೂಗಿದ ರಭಸಕ್ಕೆ ಹೆಂಡತಿ ಬಟ್ಟಲು ಹಿಡಿದು ಹಾಗೆಯೇ ನಿಂತಳು. ಕೇಟಿ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಹೊಸ ಮನೆಗೆ ಬಿಳಿ ಸುಣ್ಣದಕಲ್ಲಿನ ಹೊಸಿಲು. ಬಡಾವಣೆಯ ಸಂಘದವರಿಗೋ ಎಲ್ಲ ಮನೆಗಳ ಮುಖವೂ ಒಂದೇ ಥರ ಇರಬೇಕು. ಕಸದ ಡಬ್ಬಿ ಇಣುಕಿದರೂ ಮುನಿಸು.

“ಹೊಸಿಲಿಗೆ ಅರಿಶಿನ ಇಲ್ಲದೆ ಅದೆಂಥ ಮನೆ ರೀ?” ಎಂದಳು. ಕಲಸಿದ ಅರಿಶಿನದ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಇಂಗ್ಲೆಂಡಿನ ಬಾತ್ ನಗರಕ್ಕೆ ಹೋಗಿಬಿಟ್ಟೆ.

ಮದುವೆಗೆ ಮುಂಚೆ ಅಲ್ಲಿ, ಜಾರ್ಜ್ ದೊರೆಗಳ ಕಾಲದ ಸಾಲುಮನೆಯೊಂದರ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬೀದಿಯ ಮನೆಗಳೆಲ್ಲ ಹೆಗಲಿಗೆ ಹೆಗಲು ಕೊಟ್ಟು ಅರ್ಧಚಂದ್ರದ ಹಾಗೆ ಬಾಗಿ ನಿಂತಿದ್ದವು. ಒಂದೇ ಎತ್ತರ, ಒಂದೇ ಅಳತೆಯ ಉದ್ದುದ್ದ ಕಿಟಕಿ, ಬಾಗಿಲ ನೆತ್ತಿಯಲ್ಲಿ ಬೀಸಣಿಗೆಯಾಕಾರದ ಗಾಜು. ದೂರದಿಂದ ಇಡೀ ಬೀದಿ ಒಂದೇ ಅರಮನೆ. ಹಿತ್ತಿಲಿಗೆ ಹೋದರೋ, ಒಬ್ಬ ಕೋಣೆ ಆಚೆಗೆ ತಳ್ಳಿದ್ದಾನೆ, ಇನ್ನೊಬ್ಬ ಕೊಳವೆ ಇಳಿಬಿಟ್ಟಿದ್ದಾನೆ, ಥೇಟ್ ನಮ್ಮ ಬೆಂಗಳೂರು! ಮುಂಬಾಗಿಲಿನ ಬಣ್ಣ ಬದಲಿಸಲು ಮಾತ್ರ ಅಪ್ಪಣೆ ಬೇಕಿತ್ತು.

ಅಂಥ ಊರಿಗೆ ಮೈಸೂರಿನಿಂದ ನಮ್ಮಮ್ಮ ಬಂದಿಳಿದಳು. “ಎಂಥಾ ಹೊಸಿಲೋ ಇದು! ಹೀಗೆ ಬೋಳಾಗಿ ಬಿಟ್ಟಿದಾರಲ್ಲೋ” ಎಂದವಳೇ ಮೊದಲ ಶುಕ್ರವಾರವೇ ಅರಿಶಿನ ಬಳಿದಳು. ಅಲ್ಲಿನ ಕಲ್ಲು ಮೆತ್ತಗಿನದು, ಗಟಗಟ ಕುಡಿಯಿತು. ತಿಕ್ಕಿದೆ, ಹೋಗಲಿಲ್ಲ. ಅರಿಶಿನದ ಕಲೆ ಬಿಸಿಲಿಗೆ ಹೋಗುತ್ತದೆ, ಸರಿ. ಆ ಊರಿನಲ್ಲಿ ಬಿಸಿಲು ಎಲ್ಲಿಂದ ತರಲಿ?

ಅಷ್ಟರಲ್ಲಿ ಮಹಡಿಯಿಂದ ಮನೆಯೊಡತಿ ಇಳಿದು ಬಂದರು. ಇವತ್ತೇ ಮನೆ ಖಾಲಿ ಮಾಡಿಸುತ್ತಾರೆ ಎಂದುಕೊಂಡೆ. ಅಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, “ಹೊಸಿಲಲ್ಲಿ ಲಕ್ಷ್ಮಿ ಇರ್ತಾಳೆ ಅಂತ ಹೇಳೋ. ನಾನೇನು ಕೊಳೆ ಮೆತ್ತಿಲ್ಲ” ಎಂದಳು. ತೊದಲುತ್ತ ಇಂಗ್ಲಿಷಿನಲ್ಲಿ ಹೇಳಿದೆ. ಆ ವೃದ್ಧೆ ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ನೋಡಿದರು.

“ನನ್ನ ಅಜ್ಜಿ, ನನ್ನ ತಾಯಿ, ನಾನು, ಎಲ್ಲರೂ ಈ ಕಲ್ಲನ್ನು ಬರೀ ಉಜ್ಜಿದೆವು. ಇದಕ್ಕೆ ಮರ್ಯಾದೆ ಮಾಡಿದವರು ಇವರೇ ಮೊದಲು. ಇರಲಿ ಬಿಡಿ,” ಎಂದರು.

ಅವತ್ತು ಅಮ್ಮನನ್ನು ನೋಡಿ ಆದ ಹೆಮ್ಮೆಯನ್ನು ಏನು ಹೇಳಲಿ! ಇಂದಿಗೂ ಇಳಿದಿಲ್ಲ.

ಆಸ್ಟಿನ್‌ನಲ್ಲಿ ಆರ್ಕಿಟೆಕ್ಚರ್ ಓದುವ ಮಗಳು ರಜೆಗೆ ಬಂದಿದ್ದಳು. ನಾನು ಹೇಳಿದ ಈ ಕಥೆ ಕೇಳಿ, ಫೋನಿನಲ್ಲಿ ಆ ಬೀದಿಯ ಚಿತ್ರ ಹುಡುಕಿ ತೆಗೆದಳು. ಸದಾ ಇಂಗ್ಲಿಷಿನಲ್ಲೇ ಉತ್ತರಿಸುವವಳ ಬಾಯಲ್ಲಿ ಅಪರೂಪಕ್ಕೆ ಕನ್ನಡ ಬಂತು: “ಡ್ಯಾಡಿ, ಹೋಲ್ ಸ್ಟ್ರೀಟ್ ಯೆಲ್ಲೋ ಇದೆ! ಅಜ್ಜಿ ಎಲ್ಲಾದಕ್ಕೂ ಹಚ್ಚಿದ್ರಾ?”

ನೋಡಿದೆ. ಹೌದಲ್ಲ! ಆ ಊರಿನ ಕಲ್ಲೇ ಜೇನುಬಣ್ಣದ್ದು. ಅಮ್ಮನ ಅರಿಶಿನ ಯಾವುದು, ಕಲ್ಲಿನ ಬಣ್ಣ ಯಾವುದು, ಗುರುತೇ ಹತ್ತಲಿಲ್ಲ.

“ಹೂಂ, ಎಲ್ಲಾ ಅಜ್ಜೀದೇ” ಎಂದು ಹೆಂಡತಿಯ ಕೈಯಿಂದ ಬಟ್ಟಲು ಇಸಿದುಕೊಂಡು, ಹೊಸಿಲ ಮುಂದೆ ನಾನೇ ಕುಕ್ಕರಗಾಲಲ್ಲಿ ಕೂತೆ.