ಇಸ್ತ್ರಿ ಅಂಗಿಯ ಕಳ್ಳ

ಬಿಜ್ಜರಗಿಯಲ್ಲಿ ಕುರಿ ಸಾಕುವ ನನ್ನ ಚಿಕ್ಕವ್ವ ಆ ದಿನ ಕುರಿಗಳಿಗೆ ಔಷಧ ಕೊಳ್ಳಲು ವಿಜಯಪುರಕ್ಕೆ ಬಂದಿದ್ದಳು. ಅಥಣಿ ರಸ್ತೆಯ ಎಟಿಎಂ ಮುಂದೆ ಅವಳನ್ನು ಇಳಿಸಿ ನಾನು ಸ್ಕೂಟರ್ ನಿಲ್ಲಿಸಲು ಹೋದೆ. ತಿರುಗಿ ಬರುವಷ್ಟರಲ್ಲಿ ಅವಳ ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟವನೊಬ್ಬ ನಿಂತು ಅವಳ ಕೈಗೆ ಕಾರ್ಡು ಕೊಡುತ್ತಿದ್ದ.

"ಮಷಿನ್ ಕೆಟ್ಟೈತ್ರಿ ಅವ್ವಾರ, ಬ್ಯಾರೆ ಕಡೆ ನೋಡ್ರಿ" ಎಂದು ನಕ್ಕು, ನನಗೂ ಒಂದು ನಮಸ್ಕಾರ ಹಾಕಿ ಹೊರಟುಹೋದ.

ಮುಂದಿನ ಎಟಿಎಂನಲ್ಲಿ ಪಿನ್ ತಪ್ಪು ಎಂದು ಬಂತು. ಚಿಕ್ಕವ್ವ ಕಾರ್ಡನ್ನು ಹೊರಳಿಸಿ ನೋಡಿದಳು.

"ಯವ್ವಾ, ಇದು ನಂದಲ್ಲ. ನನ್ನ ಕಾರ್ಡಿಗೆ ಗುರುತಿಗಂತ ಕುರಿಗೆ ಹಚ್ಚೂ ಕೆಂಪ ಬಣ್ಣ ಹತ್ತಿತ್ತು."

ಕಾರ್ಡಿನ ಮೇಲೆ ಯಾರೋ ಗಂಡಸಿನ ಹೆಸರಿತ್ತು. ಕಾರ್ಡು ಹಾಕಿಕೊಡುತ್ತೇನೆಂದು ಕೈಗೆ ತೆಗೆದುಕೊಂಡಿದ್ದ ಇಸ್ತ್ರಿ ಅಂಗಿಯವನು, ಅವಳು ಪಿನ್ ಒತ್ತುವಾಗ ಬಹಳ ಸಭ್ಯನಂತೆ ಮುಖ ತಿರುಗಿಸಿದ್ದನಂತೆ. ಕಣ್ಣು ಮಾತ್ರ ಅವಳ ಬೆರಳಿನ ಕಡೆಯೇ ಇದ್ದಿರಬೇಕು. ಅವಳ ಚೀಲದಲ್ಲಿದ್ದ ಮೊಬೈಲಿಗೆ ಆಗಲೇ ದುಡ್ಡು ತೆಗೆದ ಮೆಸೇಜು ಬಂದಿತ್ತು. ನಾನು ಸಹಾಯವಾಣಿಗೆ ಫೋನ್ ಹಚ್ಚಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಹೇಳಿ, ಸಂಗೀತ ಕೇಳಿಸಿದ ಮೇಲೆ ಅವರು ಕಾರ್ಡು ಬಂದ್ ಮಾಡಿದರು. ಅಷ್ಟರೊಳಗೆ ಇನ್ನೊಂದು ಮೆಸೇಜು ಬಂದಾಗಿತ್ತು.

ಬ್ಯಾಂಕಿಗೆ ಹೋದರೆ ಅಲ್ಲಿನ ಅಧಿಕಾರಿ ಕಂಪ್ಯೂಟರಿನಿಂದ ತಲೆ ಎತ್ತಲೇ ಇಲ್ಲ. "ಮಷಿನ್ ನಡಸಾಕ ಬರಾಂಗಿಲ್ಲಂದ್ರ ಅದರ ಕಡೆ ಯಾಕ ಹೋಗ್ತೀರಿ? ಕಾರ್ಡ್ ಯಾರ ಕೈಯಾಗರ ಕೊಡ್ತಾರೇನು?"

"ಸಾಹೇಬ್ರ, ನಾ ಕುರಿಗೆ ಬರೇ ಬೇಲಿ ಹಾಕಿ ಮಲಗಾಂಗಿಲ್ರಿ, ನಾಯಿನೂ ಇಟ್ಟೀನಿ. ನಿಮ್ಮ ಎಟಿಎಂ ಕೋಣ್ಯಾಗ ಒಬ್ಬ ಕಾವಲದಾಂವ ಇದ್ದನೇನ್ರಿ?" ಎಂದಳು ಚಿಕ್ಕವ್ವ. ಅವನು ಊಟದ ವೇಳೆ ಆಯಿತೆಂದು ಎದ್ದುಹೋದ. ಅಂಥವರಿಗೆ ಹಸಿವು ಮಾತ್ರ ಹೊತ್ತಿಗೆ ಸರಿಯಾಗಿ ಆಗುತ್ತದೆ.

ಪೊಲೀಸರಿಗೆ ದೂರು ಕೊಟ್ಟೆವು. ಕೆಲವು ವಾರಗಳ ಮೇಲೆ, ಬಬಲೇಶ್ವರದಲ್ಲಿ ಇನ್ನೊಬ್ಬ ಮುದುಕಿಗೆ ಇದೇ ಆಟ ಹೂಡುವಾಗ ಜನ ಆ ಇಸ್ತ್ರಿ ಅಂಗಿಯವನನ್ನು ಹಿಡಿದರು. ಗುರುತು ಹೇಳಲು ನಮ್ಮನ್ನು ಠಾಣೆಗೆ ಕರೆಸಿದರು. ಮೇಜಿನ ಮೇಲೆ ಯಾರ್ಯಾರದೋ ಕಾರ್ಡುಗಳ ರಾಶಿ. ಅವನು ಥಟ್ಟನೆ ಕೈ ಮುಗಿದ.

"ತಪ್ಪಾತ್ರಿ ಅವ್ವಾರ."

ಚಿಕ್ಕವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕುರಿ ಕಳ್ಳನ್ನ ನೋಡೀನಿ ನಾ. ಅಂವ ಮುಳ್ಳ ತುಳೀತಾನ, ನಾಯಿಗೆ ಅಂಜತಾನ. ನಿನಗ ಅಷ್ಟು ಕಷ್ಟಾನೂ ಬ್ಯಾಡ ಆತು. ಬರೇ ನಕ್ಕು ಕಾರ್ಡ್ ಬದಲಿ ಮಾಡಿದಿ. ಥೂ!"

ಅವನು ತಲೆ ತಗ್ಗಿಸಿದ. ನಾಚಿಕೆಯಿಂದಲ್ಲ, ಅಭ್ಯಾಸದಿಂದ.

ಹೋದದ್ದರಲ್ಲಿ ಒಂದಿಷ್ಟು ವಾಪಸ್ ಬಂತು. ಉಳಿದದ್ದನ್ನು ಅವನು ತಿಂದು ಮುಗಿಸಿದ್ದ. ಚಿಕ್ಕವ್ವ ಹೊಸ ಕಾರ್ಡು, ಹೊಸ ಪಿನ್ ಮಾಡಿಸಿಕೊಂಡಳು.

ಮೊನ್ನೆ ತಿಕೋಟಾದ ಎಟಿಎಂನಲ್ಲಿ ಅವಳ ಹಿಂದಿದ್ದ ನಡುವಯಸ್ಸಿನವರೊಬ್ಬರು, "ಏನರ ಹೇಳಿಕೊಡ್ಲೇನ್ರಿ?" ಎಂದು ಕೇಳಿದರು.

"ಮೊದಲ ಹೊರಗ ನಡೀರಿ" ಎಂದಳು. ಬಾಗಿಲು ಮುಚ್ಚುವ ತನಕ ಕಾದು, ಸೆರಗಿನಿಂದ ಕೈ ಮುಚ್ಚಿ ಪಿನ್ ಒತ್ತಿದಳು. ಅವರು ನಿಜವಾಗಿಯೂ ಸಹಾಯಕ್ಕೇ ಬಂದಿದ್ದರೋ ಏನೋ, ಮುಖ ಸಣ್ಣದು ಮಾಡಿಕೊಂಡು ಬಿಸಿಲಲ್ಲಿ ನಿಂತಿದ್ದರು.