ರಾಜಗೃಹದಲ್ಲಿ ಮಗುಚಿದ ಕಲ್ಲು

ದೆವ್ವ, ಶಕುನ, ಪವಾಡ ಎಂದು ಯಾರಾದರೂ ಮಾತು ಶುರು ಮಾಡಿದರೆ, ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಮೊದಲು ಯೋಚಿಸುವವನು ನಾನು. ಅವಲಪಲ್ಲಿಯ ಕಲ್ಲು ಒಡೆಯುವವರ ಮನೆಯಲ್ಲಿ ಹುಟ್ಟಿ, ಬೆಳಿಗ್ಗೆ ಜಲ್ಲಿ ಹೊತ್ತು ಆಮೇಲೆ ಶಾಲೆಗೆ ಓಡಿ, ಕೃಷ್ಣಗಿರಿಯಲ್ಲಿ ಬಿ.ಎ. ಮುಗಿಸಿದೆ. ನಮ್ಮ ವಂಶದಲ್ಲಿ ಪದವಿ ಪಡೆದ ಮೊದಲನೆಯವನು ನಾನೇ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೆಬ್ಬೆಟ್ಟು ಒತ್ತಿ ಮೋಸಹೋದವರ ಮನೆಯಿಂದ ಬಂದವನಿಗೆ ಅನುಮಾನ ತಾನಾಗಿಯೇ ಬರುತ್ತದೆ. ಆದ್ದರಿಂದ ಈಗ ಬರೆಯುತ್ತಿರುವುದನ್ನು ನೀವು ನಂಬಿ ಎಂದು ನಾನು ಕೇಳುವುದಿಲ್ಲ. ನಾನೇ ಪೂರ್ತಿ ನಂಬಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನನ್ನ ಕಚೇರಿಯವರು ಪ್ರವಾಸಕ್ಕೆ ರೈಲು ಖರ್ಚು ಕೊಟ್ಟರು. ಬಿ.ಎ.ಯಲ್ಲಿ ಚರಿತ್ರೆ ಓದಿದ್ದ ನನಗೆ ರಾಜಗೃಹ ನೋಡುವ ಆಸೆ. ಬುದ್ಧ ಎಷ್ಟೋ ಮಳೆಗಾಲ ಕಳೆದ ಊರು, ಮಗಧದ ಹಳೆಯ ರಾಜಧಾನಿ. ಅಮ್ಮನಿಗೆ ಬೇಕಾಗಿದ್ದುದು ಅದರ ಹತ್ತಿರದ ಗಯೆ ಮಾತ್ರ. ಅಲ್ಲಿ ನನ್ನ ತಂದೆಗೆ ಪಿಂಡ ಇಡಿಸಬೇಕು, ಜೊತೆಗೆ ಅವಳ ತಂದೆಗೂ. ಆ ತಾತ, ಅಮ್ಮ ಎಂಟು ವರ್ಷದ ಹುಡುಗಿಯಾಗಿದ್ದಾಗ ಯಾವನೋ ಮೇಸ್ತ್ರಿಯ ಹಿಂದೆ ಕಲ್ಲು ಕೆಲಸಕ್ಕೆಂದು ಉತ್ತರ ದೇಶಕ್ಕೆ ಹೋದವನು. ಆಮೇಲೆ ಸುದ್ದಿಯೇ ಇಲ್ಲ. ಅಜ್ಜಿ ಸಾಯುವ ತನಕ ಕುಂಕುಮ ಇಟ್ಟೇ ಇದ್ದಳು. ತಾತನಿಗೆ ತಿಥಿ ಅಂತ ಯಾರೂ ಮಾಡಲಿಲ್ಲ.

"ಇನ್ನೆಷ್ಟು ವರ್ಸ ಕಾಯೋದ್ಲಾ? ಗಯೇಲಿ ಪಿಂಡ ಮಡಗ್ಬುಟ್ರೆ ಒಂದು ಮುಗೀತದೆ," ಅಂದಿದ್ದಳು ಅಮ್ಮ, ರೈಲಿನಲ್ಲಿ.

ರಾಜಗೃಹದಲ್ಲಿ ಇಳಿದಾಗಿನಿಂದ ನನಗೆ ಎಲ್ಲರ ಮೇಲೂ ಅನುಮಾನ. ಟಾಂಗಾದವನು ಸುತ್ತುದಾರಿ ಹಿಡಿಯುತ್ತಿದ್ದಾನೆ ಅನಿಸಿತು. ಬಿಸಿನೀರಿನ ಕುಂಡದ ಹತ್ತಿರ ಹಣೆಗೆ ಗಂಧ ಹಚ್ಚಲು ಬಂದವನನ್ನು ಗದರಿ ಕಳಿಸಿದೆ. ತೆಳ್ಳಗಿನ ಕಾವಲುಗಾರನೊಬ್ಬ ಕರೆಯದಿದ್ದರೂ ಹಿಂದೆ ಹಿಂದೆ ಬಂದ. ಅಮ್ಮನಿಗೆ ಇದ್ಯಾವುದೂ ಬೇಕಿರಲಿಲ್ಲ. ಬೆಟ್ಟದ ಮೇಲೆ ಹಾವಿನಂತೆ ಹೋಗಿರುವ ಆ ಹಳೆಯ ಕೋಟೆಗೋಡೆಯನ್ನು ನೋಡಿ ನಿಂತುಬಿಟ್ಟಳು. ಗಾರೆಯಿಲ್ಲದೆ ಪೇರಿಸಿದ ಬಂಡೆಗಳು. ನಾನು ರಾಜರ ಹೆಸರು, ಶತಮಾನ ಎಲ್ಲ ವಿವರಿಸಿದೆ.

"ರಾಜ ಕಟ್ಟಿದ್ನಂತಾ! ಒಂದು ಕಲ್ಲಾದ್ರೂ ಹೊತ್ತಿದ್ನಾ ಅಂತ ಕೇಳ್ಲಾ ನಿನ್ ಪುಸ್ತಕಾವ," ಅಂದಳು.

ಬುದ್ಧ ಕೂತಿದ್ದ ಗೃಧ್ರಕೂಟಕ್ಕೆ ಹತ್ತುವ ಕಲ್ಲುದಾರಿಯನ್ನು ಆಗ ರಿಪೇರಿ ಮಾಡುತ್ತಿದ್ದರು. ಪಕ್ಕದ ಬೆಟ್ಟಕ್ಕೆ ತಂತಿಯ ಮೇಲೆ ತೂಗುವ ಕುರ್ಚಿಗಳು ಹೋಗುತ್ತಿದ್ದವು. ಅಮ್ಮ ಕುರ್ಚಿ ಹತ್ತುವುದಿಲ್ಲ ಎಂದು ಹಟ ಹಿಡಿದಳು. ಅವಳನ್ನು ದಾರಿಯ ಬದಿಯ ನೆರಳಲ್ಲಿ ಕೂರಿಸಿ ನಾನೊಬ್ಬನೇ ಚೀಟಿಗೆ ಸಾಲಿನಲ್ಲಿ ನಿಂತೆ. ಅರ್ಧ ಗಂಟೆಯಾದರೂ ಸಾಲು ಜರುಗಲಿಲ್ಲ. ಬೇಸತ್ತು ವಾಪಸು ಬಂದೆ. ಆ ಅರ್ಧ ಗಂಟೆಯನ್ನು ದಯವಿಟ್ಟು ಗಮನದಲ್ಲಿಡಿ. ಅಷ್ಟು ಹೊತ್ತು ಮಾತ್ರ ಅಮ್ಮ ನನ್ನ ಕಣ್ಣ ಮುಂದೆ ಇರಲಿಲ್ಲ.

ಬಂದು ನೋಡಿದರೆ ಅಮ್ಮ ನೆಲದಲ್ಲಿ ಅರ್ಧ ಹೂತ ಒಂದು ಚಪ್ಪಡಿಯ ಮೇಲೆ ಅಂಗೈ ಊರಿ ಕೂತಿದ್ದಾಳೆ. ಕಾವಲುಗಾರ ದೂರದಲ್ಲಿ ಬೀಡಿ ಸೇದುತ್ತಿದ್ದಾನೆ.

"ಇದು ನಮ್ಮಪ್ಪ ಬಿಡಿಸಿದ ಕಲ್ಲು ಕಣ್ಲಾ," ಅಂದಳು, ಸಾರಿಗೆ ಉಪ್ಪು ಕಮ್ಮಿ ಎನ್ನುವ ಹಾಗೆ. "ಅಡೀಲಿ ಕೋಳಿಕಾಲು ಹೊಡ್ದವ್ನೆ. ಎಡಕ್ಕೆ ಕುಳಿ."

ಕಲ್ಲು ಒಡೆಯುವವರು ತಾವು ಬಿಡಿಸಿದ ಕಲ್ಲಿಗೆ ಒಂದೊಂದು ಗುರುತು ಹಾಕುತ್ತಿದ್ದರು. ಅಮ್ಮನ ತವರಿನದು ಕೋಳಿಯ ಕಾಲಿನಂತೆ ಮೂರು ಗೀಟು, ಬಲಕ್ಕೆ ಒಂದು ಸಣ್ಣ ಕುಳಿ. ತಾತ ಎಡಚ. ಅವನ ಕುಳಿ ಮಾತ್ರ ಎಡಕ್ಕೆ ಬೀಳುತ್ತಿತ್ತಂತೆ. ಬಿಸಿಲಿಗೆ ಅಮ್ಮನಿಗೆ ತಲೆ ತಿರುಗಿರಬೇಕು ಎಂದುಕೊಂಡು ನೀರು ಕುಡಿಸಿದೆ. ಅವಳು ಏಳಲಿಲ್ಲ.

ಊಟದ ಹೊತ್ತು ಮುಗಿದ ಮೇಲೆ ದಾರಿ ರಿಪೇರಿಯ ಕೂಲಿಯವರು ಅಲ್ಲಿಗೇ ಬಂದರು. ನಾಲ್ಕು ಜನ ಹಾರೆ ಕೊಟ್ಟು ಮೀಟಿದರು. ಚಪ್ಪಡಿ ಎದ್ದಾಗ ಬೇರುಗಳು ಕಿತ್ತುಬಂದವು, ಎರೆಹುಳು ಉದುರಿದವು. ಕಲ್ಲನ್ನು ಮಗುಚಿ ಹಾಕಿದರು. ಅಮ್ಮ ಸೆರಗಿನಿಂದ ಹಸಿ ಮಣ್ಣು ಒರೆಸಿದಳು. ಮೂರು ಗೀಟು. ಎಡಕ್ಕೆ ಕುಳಿ.

ನನಗೆ ಮೊದಲು ಬಂದದ್ದು ಆಶ್ಚರ್ಯವಲ್ಲ, ಸಿಟ್ಟು. ಯಾರೋ ನಮ್ಮನ್ನು ಆಟ ಆಡಿಸುತ್ತಿದ್ದಾರೆ. ಕಾವಲುಗಾರನನ್ನು ನನ್ನ ಮುರುಕು ಹಿಂದಿಯಲ್ಲಿ ಗದರಿಸಿದೆ. ಅವನು ಕೈ ಆಡಿಸಿದ. ಅವನಿಗೆ ಹಿಂದಿ ಬಿಟ್ಟು ಬೇರೆ ಬಾರದು, ಅಮ್ಮನಿಗೆ ಕನ್ನಡ, ತೆಲುಗು ಬಿಟ್ಟರೆ ಸಂತೆಯ ತಮಿಳು. ಆದರೂ ನಾನು ಬಿಡಲಿಲ್ಲ. ಯಾರು ಹೇಳಿಕೊಟ್ಟರು, ಮೊದಲೇ ನೋಡಿದ್ದೆಯಾ, ಎಲ್ಲಿ ನೋಡಿದೆ ಎಂದು ಅಮ್ಮನನ್ನು ಅಲ್ಲೇ ವಿಚಾರಣೆಗೆ ನಿಲ್ಲಿಸಿದೆ.

"ಹೆತ್ತವಳನ್ನ ಪೊಲೀಸ್ನವ್ನಂಗೆ ಕೇಳ್ತೀಯಲ್ಲೋ. ಕೈ ಮಡಗ್ದೆ, ಗೊತ್ತಾಯ್ತು. ಅಷ್ಟೇ ಕಣಪ್ಪ." ಆಮೇಲೆ ದನಿ ತಗ್ಗಿಸಿ, "ಒಂದು ದಿನ ಇದ್ದು ಹೋಗಣ. ಇಲ್ಲಿ ವಯಸ್ಸಾದ ಕಲ್ಲುಕುಟಿಗರು ಯಾರಾನ ಇರ್ತಾರೆ. ಕೇಳಣ," ಅಂದಳು.

ನಾನು ಒಪ್ಪಲಿಲ್ಲ. ವಾಪಸು ರೈಲಿಗೆ ಟಿಕೆಟ್ ಆಗಿದೆ ಎಂದೆ. ಅದು ನಿಜವೇ, ಆದರೆ ಕಾರಣ ಅದಲ್ಲ. ಕೇಳಲು ಹೋದರೆ ಹೌದು ಹೌದು ಎನ್ನುವವರು ಹತ್ತು ಜನ ಹುಟ್ಟುತ್ತಾರೆ, ಈ ಮುದುಕಿಯನ್ನು ಸುಲಿಯುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಸಂಜೆಯ ಬಸ್ಸಿಗೆ ಹೊರಟೆವು.

ಮರುದಿನ ಗಯೆಯಲ್ಲಿ ತೆಲುಗು ಬಲ್ಲ ಪುರೋಹಿತರು ಸಿಕ್ಕಿದರು. ನನ್ನ ತಂದೆಯ ಪಿಂಡ ಆಯಿತು. ತಾಯಿಯ ತಂದೆಯ ಹೆಸರು ಹೇಳಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಎದುರಿಗಿದ್ದ ಹಿಟ್ಟಿನ ಉಂಡೆಯನ್ನು ಪಕ್ಕಕ್ಕೆ ಸರಿಸಿದಳು. "ಬ್ಯಾಡ ಸ್ವಾಮಿ. ವಿಚಾರಿಸ್ದೆ ಮಡಗೋದು ತಪ್ಪು," ಅಂದಳು. ಇದಕ್ಕೆಂದೇ ಅಷ್ಟು ದೂರ ಬಂದವಳು ಅವಳು.

ಆಮೇಲೆ ನನಗೆ ನಾನೇ ಎಷ್ಟೋ ಉತ್ತರ ಕೊಟ್ಟುಕೊಂಡಿದ್ದೇನೆ. ಮೂರು ಗೀಟು, ಒಂದು ಕುಳಿ ಯಾರು ಬೇಕಾದರೂ ಹೊಡೆಯಬಹುದು. ತಾತ ನಿಜಕ್ಕೂ ಆ ದಾರಿಯ ಯಾವುದೋ ಹಳೆಯ ರಿಪೇರಿಗೆ ಬಂದಿರಲೂಬಹುದು. ಆದರೆ ಮಣ್ಣಿನಲ್ಲಿ ಬೇರು ಬಿಟ್ಟುಕೊಂಡು ಮಲಗಿದ್ದ ಕಲ್ಲಿನ ಅಡಿಯನ್ನು, ನಾಲ್ಕು ಜನ ಮೀಟಿ ಎಬ್ಬಿಸಿದ ಕಲ್ಲಿನ ಅಡಿಯನ್ನು, ಅರ್ಧ ಗಂಟೆಯಲ್ಲಿ ಅಮ್ಮ ಹೇಗೆ ನೋಡಿದಳು? ಅಲ್ಲಿಗೆ ಬಂದು ನಿಲ್ಲುತ್ತೇನೆ. ಕೆಲವು ಸಲ, ಕಲ್ಲು ಮಗುಚುವ ಮೊದಲೇ ಅವಳು ಆ ಮಾತು ಹೇಳಿದ್ದು ಹೌದೇ ಎಂದು ನನ್ನ ನೆನಪಿನ ಮೇಲೇ ಅನುಮಾನ ಬರುತ್ತದೆ. ಹೌದು, ಮೊದಲೇ ಹೇಳಿದಳು. ನೀರು ಕುಡಿಸಿದ್ದು ಆಮೇಲೆ.

ನಾಲ್ಕು ವರ್ಷದ ಮೇಲೆ ಅಮ್ಮ ತೀರಿಕೊಂಡಳು. ಆಲಸನತ್ತಂನ ಬಾಡಿಗೆ ಮನೆಯಲ್ಲಿ ತಿಥಿಗೆ ಕೂತಿದ್ದೆ. ಪುರೋಹಿತರು ಅವಳ ತಂದೆಯ ಹೆಸರು ಕೇಳಿದರು, ಹೇಳಿದೆ. "ಅವರೂ ಹೋದರಲ್ಲವೇ?" ಎಂದು ಕೈಯಲ್ಲಿ ಎಳ್ಳು ಹಿಡಿದು ಕಾದರು. ಅಷ್ಟು ಹೊತ್ತಿಗೆ ತಾತ ಬದುಕಿದ್ದರೆ ತೊಂಬತ್ತು ದಾಟಿರಬೇಕು. ಹೌದು ಎನ್ನಲು ಬಿ.ಎ. ಬೇಕಾಗಿರಲಿಲ್ಲ.

"ವಿಚಾರಿಸಿಲ್ಲ," ಎಂದೆ.