ಡಾಕ್ಟರರ ದನಿ ಬಂತು, ಉತ್ತರ ಬರಲಿಲ್ಲ

ಹುಬ್ಬಳ್ಳಿಯ ದವಾಖಾನೆಯಲ್ಲಿ ಕಾಕಾ ಹದಿನೇಳು ಸಲ ‘ಹೂಂನ್ರಿ’ ಅಂದರು. ನಾನು ಎಣಿಸಿದ್ದೆ, ನಮ್ಮೂರು ನರಗುಂದಕ್ಕೆ ಮರಳಿ ಮನೆಯವರ ಮುಂದೆ ಅಣಕಿಸಬೇಕಲ್ಲ. ಪರೀಕ್ಷೆಗೆ ಓದುವಾಗ ಇಷ್ಟು ಗಮನ ಕೊಟ್ಟಿದ್ದರೆ ಇಷ್ಟೊತ್ತಿಗೆ ನಾನೂ ಡಾಕ್ಟರಾಗಿರುತ್ತಿದ್ದೆ.

ಡಾಕ್ಟರರು ಹೇಳಿದ್ದಿಷ್ಟು: ಹೃದಯದಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಉಬ್ಬಿದೆ, ಒಡೆದರೆ ಕಾಕಾ ಉಳಿಯುವುದು ಕಷ್ಟ. ತೊಡೆಯ ಸಂದಿಯಿಂದ ನಳಿಗೆ ಏರಿಸಿ, ಉಬ್ಬಿದಲ್ಲಿ ಒಳಗಿನಿಂದಲೇ ಹೊಸ ಕೊಳವೆ ಕೂರಿಸಬೇಕು. ಆದರೆ ಉಬ್ಬಿದ್ದು ಕಿಡ್ನಿಗೆ ಕವಲೊಡೆಯುವ ಜಾಗದಲ್ಲೇ. ಆ ಕವಲಿಗೂ ಸಣ್ಣದೊಂದು ಕೊಳವೆ ಸೇರಿಸಬೇಕು. ಕಾಕಾನ ಬಲ ಕಿಡ್ನಿ ಮೊದಲೇ ಸುರುಟಿತ್ತು. ಉಳಿದ ಎಡಗಡೆಯ ಕವಲು ಮೇಲಕ್ಕೆ ಹೊರಳಿತ್ತು. ಅದಕ್ಕೇ ತುದಿ ಬಾಗುವ ನಳಿಗೆ, ಅಂದರೆ ಕ್ಯಾತಿಟರ್, ಬೇಕು: ಹೊರಗೆ ಹಿಡಿಕೆಯ ತಿರುಪು ತಿರುಗಿಸಿದರೆ ಒಳಗೆ ತುದಿ ಬೇಕಾದತ್ತ ಬಾಗುತ್ತದೆ.

“ಏನರ ಕೇಳೂದೈತೇನ್ರಿ?”

“ಏನಿಲ್ಲರಿ.”

ನಮ್ಮ ಕಡೆ ಡಾಕ್ಟರರಿಗೆ ಪ್ರಶ್ನೆ ಹಾಕುವುದೆಂದರೆ ಬೀಗರು ಬಡಿಸಿದ ರೊಟ್ಟಿಯನ್ನು ಮೂಸಿ ನೋಡಿದ ಹಾಗೆ. ಬಸ್ಸು ಹತ್ತಿದ ಮೇಲೆ ಕಾಕಾ ಹೇಳಿದರು: “ನಾ ಏನ್ ಮಾಡಿಸ್ಕೊಳ್ಳಾಂಗಿಲ್ಲ.”

ಸಂಜೆ ಮನೆಯಲ್ಲಿ ಕಾಕಾನ ಹೆಂಡತಿ ಚಿಗವ್ವ ಕೇಳಿದಳು, “ಡಾಕ್ಟರ್ ಹ್ಯಾಂಗ ಅಂದ್ರು, ಮಾಡಿ ತೋರ್ಸೋ.” ನಾನು ಅವಳ ಕನ್ನಡಕವನ್ನು ಮೂಗಿನ ತುದಿಗಿಟ್ಟು, ಸೈಕಲ್ ಪಂಪಿನ ಹಿಡಿಕೆ ತಿರುಗಿಸುತ್ತ ಡಾಕ್ಟರಾದೆ. ಎಲ್ಲರೂ ನಕ್ಕರು. ಕಾಕಾ ಮಾತ್ರ ಟೊಪ್ಪಿಗೆ ಸರಿಮಾಡಿಕೊಂಡು ನೆಟ್ಟಗೆ ಕೂತರು.

“ಸಾಹೇಬ್ರ, ಒಂದ್ ಕೇಳ್ತೀನ್ರಿ.”

ಅವರು ನನಗೆ ‘ರಿ’ ಹಚ್ಚಿದ್ದು ಅದೇ ಮೊದಲು. “ಕೇಳ್ರಿ,” ಎಂದೆ, ಡಾಕ್ಟರರ ದನಿಯಲ್ಲೇ.

“ಸಣ್ಣಾಂವಿದ್ದಾಗಿಂದ ಹೊಲಕ್ಕ ಕಾಲುವಿ ನೀರು ತಿರುವೀನ್ರಿ. ಹಿಂದಕ್ಕ ಹೊಳ್ಳಿದ ಕಾಲುವ್ಯಾಗ ನೀರು ಲಗೂ ಹೋಗೂದಿಲ್ಲ. ನಿಮ್ಮ ನಳಿಗಿ ಹೊಕ್ಕಲಿಲ್ಲಂದ್ರ ನನ್ನ ಕಿಡ್ನಿ ಗತಿ ಏನ್ರಿ?”

ಏನೂ ಆಗಂಗಿಲ್ರಿ ಎನ್ನುವುದು ನಾಲಿಗೆ ತುದಿಗೆ ಬಂದಿತ್ತು. ಕನ್ನಡಕ ತೆಗೆದೆ.

“ಗೊತ್ತಿಲ್ಲ ಕಾಕಾ.”

ನನ್ನ ಸ್ವಂತ ದನಿಗೆ ಯಾರೂ ನಗಲಿಲ್ಲ. ಎಂದೂ ನಕ್ಕವರಲ್ಲ. ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಅದನ್ನೊಂದು ಕೇಳಿಯೇ ಬರೋಣವೆಂದು ಮುಂದಿನ ವಾರ ಕಾಕಾನನ್ನು ಮತ್ತೆ ಹುಬ್ಬಳ್ಳಿಗೆ ಕರೆದೊಯ್ದೆ. ಅದೇ ಕೋಣೆ, ಅದೇ ಹೂಂನ್ರಿ. ನಾನು ನೋಟ್‌ಬುಕ್ಕು ತೆಗೆದು ಕಾಲುವೆಯಿಂದ ಹಿಡಿದು ಕಿಡ್ನಿಯವರೆಗೆ ಓದಿದೆ. ಅದು ಕಾಕಾನ ದನಿಯಲ್ಲೇ ಹೊರಬಂತು. ಕಾಕಾ ನನ್ನ ತೊಡೆ ಚಿವುಟಿದರು. ಡಾಕ್ಟರರು ನಕ್ಕು, ಆಮೇಲೆ ಕುರ್ಚಿ ಮುಂದಕ್ಕೆ ಎಳೆದುಕೊಂಡರು.

“ಹೊಕ್ಕಲಿಲ್ಲಂದ್ರ ಆ ಕಿಡ್ನಿ ಹೋಗಬಹುದು. ಆಮ್ಯಾಲೆ ಡಯಾಲಿಸಿಸ್. ತುದಿ ಬಾಗತೈತಲ್ಲ, ಅದಕ್ಕ ಒಳಗ ಹೊಗೂದು ಸಲೀಸ ಆಗ್ತೈತಿ. ಖಾತ್ರಿ ಅಂತೂ ಹೇಳಂಗಿಲ್ಲ.”

ತೋರಿಸಲೆಂದು ಇಟ್ಟುಕೊಂಡಿದ್ದ ಅಂಥದೊಂದು ಕ್ಯಾತಿಟರನ್ನು ಕಾಕಾನ ಕೈಗೆ ಕೊಟ್ಟರು. ಕಾಕಾ ತಿರುಪು ತಿರುಗಿಸಿದರು, ತುದಿ ಬಾಗಿತು. ಮರಳಿ ತಿರುಗಿಸಿದರು, ನೆಟ್ಟಗಾಯಿತು. ನಾಲ್ಕೈದು ಸಲ ಹಾಗೇ ಮಾಡಿದರು.

“ಖಾತ್ರಿ ಅಂದಿದ್ರ ಒಲ್ಲೆ ಅಂತಿದ್ದೆ,” ಎಂದರು. “ಮಾಡ್ರಿ.”

ಆಪರೇಷನ್ ದಿನ ಬೆಳಿಗ್ಗೆ ಒಳಗೆ ಹೋದ ಕಾಕಾ ಊಟದ ಹೊತ್ತು ಮೀರಿದರೂ ಹೊರಗೆ ಬರಲಿಲ್ಲ. ಕಡೆಗೆ ಡಾಕ್ಟರರು ಬಂದು, “ಹೊಕ್ಕೈತಿ,” ಎಂದರು. ಆ ಒಂದು ಮಾತನ್ನು ಅಣಕಿಸಲು ನನಗೆ ಇಂದಿಗೂ ಬಂದಿಲ್ಲ.

ಮರುದಿನ ಮಂಚದ ಪಕ್ಕದ ಮೂತ್ರದ ಚೀಲ ತುಂಬುತ್ತಿತ್ತು. “ನೀರು ಬಂತು ನೋಡು,” ಎಂದು ಕಾಕಾ ಕಣ್ಣಲ್ಲೇ ತೋರಿಸಿದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು: “ಸಾಹೇಬ್ರ, ಮನಿಗೆ ಯಾವಾಗ ಕಳಸ್ತೀರಿ?”

ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.